ತಿಲಕರೂ ಏಳನೆಯ ತರಗತಿಯ ಹುಡುಗಿಯೂ

2009ರ ಬೇಸಿಗೆಯಲ್ಲಿ ನಾನು ಬೆಳಗಾವಿ ಜಿಲ್ಲೆಯ ಪೂರ್ವಭಾಗದ ಒಂದು ತಾಲ್ಲೂಕಿನ ತಹಸೀಲ್ದಾರನಾಗಿದ್ದೆ. ಬಸವ ಜಯಂತಿಗೆ ಎರಡು ದಿನ ಮುಂಚೆ, ಒಂದು ಹಳ್ಳಿಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳ ಮದುವೆಗೆ ಹಂದರ ಬಿದ್ದಿದೆ ಎಂಬ ಸುದ್ದಿ ಬಂತು. ಪೊಲೀಸ್ ಸಬ್ ಇನ್‌ಸ್ಪೆಕ್ಟರರನ್ನೂ ಅಂಗನವಾಡಿ ಮೇಲ್ವಿಚಾರಕಿಯನ್ನೂ ಜೊತೆಗೆ ಕರೆದುಕೊಂಡು ಹೋದೆ. ಹುಡುಗಿಯ ಅಜ್ಜ ಮೊದಲು ನಮ್ಮೆಲ್ಲರಿಗೂ ಬೆಲ್ಲ ನೀರು ಕೊಡಿಸಿದರು. ಅನಂತರ, ಸ್ವಲ್ಪವೂ ದನಿಯೇರಿಸದೆ, ತಮ್ಮ ಮನೆಯ ಮಗುವಿನ ಮದುವೆ ಯಾವಾಗ ಆಗಬೇಕೆಂದು ಹೇಳಲು ಸರ್ಕಾರ ಯಾರು, ಮಳೆ ಕೈಕೊಟ್ಟ ವರ್ಷ ಈ ಸರ್ಕಾರ ಎಲ್ಲಿತ್ತು ಎಂದು ಕೇಳಿದರು. ನಾನು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯನ್ನೂ, ಎರಡು ವರ್ಷಗಳವರೆಗಿನ ಕಠಿಣ ಶಿಕ್ಷೆಯನ್ನೂ, ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನೂ ತಿಳಿಸಿದೆ. ಮುಚ್ಚಳಿಕೆ ಬರೆಸಿಕೊಂಡೆವು, ಹಂದರ ಬಿಚ್ಚಿದರು. ಮೂರು ವಾರಗಳ ಬಳಿಕ ಆ ಮದುವೆ ಗಡಿಯಾಚೆಯ ಒಂದು ಗುಡಿಯಲ್ಲಿ ನಡೆದುಹೋಯಿತೆಂದು ಗ್ರಾಮ ಲೆಕ್ಕಿಗರು ವರದಿ ಮಾಡಿದರು.

ನಿವೃತ್ತನಾಗಿ ಬೆಳಗಾವಿಯ ಮಹಾಂತೇಶ ನಗರದಲ್ಲಿ ನೆಲೆಸಿದ ಮೇಲೆ ವಾರಕ್ಕೊಮ್ಮೆ ತಿಲಕವಾಡಿಯ ಸ್ನೇಹಿತರೊಬ್ಬರ ಮನೆಗೆ ಹೋಗುವ ರೂಢಿಯಾಯಿತು. ಅವರ ಕಪಾಟಿನಲ್ಲಿ ಲೋಕಮಾನ್ಯ ತಿಲಕರನ್ನು ಕುರಿತ ಹಳೆಯ ಸಂಪುಟಗಳ ಒಂದು ಸಾಲೇ ಇದೆ. ಯಾರ ಹೆಸರಿನ ಬಡಾವಣೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೇನೋ ಅವರ ಬಗ್ಗೆ ನನಗೆ ತಿಳಿದಿದ್ದದ್ದು ಶಾಲೆಯ ಪಾಠದಷ್ಟೇ ಎಂಬ ನಾಚಿಕೆಯಿಂದ ಓದತೊಡಗಿದೆ. ಆ ಅಜ್ಜ ಕೇಳಿದ ಪ್ರಶ್ನೆ ನನಗೆ ಮತ್ತೆ ಎದುರಾದದ್ದು ಅಲ್ಲಿಯೇ. 1891ರಲ್ಲಿ ಅದನ್ನು ಕೇಳಿದ್ದವರು ಸ್ವತಃ ತಿಲಕರು.

ಬಾಳ ಗಂಗಾಧರ ತಿಲಕರು ಹುಟ್ಟಿದ್ದು 1856ರ ಜುಲೈ 23ರಂದು, ಕೊಂಕಣದ ರತ್ನಾಗಿರಿಯಲ್ಲಿ. ತಂದೆ ಗಂಗಾಧರಪಂತರು ಶಾಲಾ ಶಿಕ್ಷಕರು, ಸಂಸ್ಕೃತ ಬಲ್ಲವರು. ಕುಟುಂಬ ಪುಣೆಗೆ ಬಂದ ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡರು, ಹದಿನಾರರ ವಯಸ್ಸಿಗೆ ತಂದೆಯೂ ಇಲ್ಲವಾದರು. ಅಷ್ಟರಲ್ಲಿ, 1871ರಲ್ಲಿ, ಅವರ ಮದುವೆಯಾಗಿತ್ತು. ವಧು ಸತ್ಯಭಾಮಾಬಾಯಿ ಅಂದಿನ ರೂಢಿಯಂತೆ ಇನ್ನೂ ಬಾಲಕಿ. ಡೆಕ್ಕನ್ ಕಾಲೇಜಿನಲ್ಲಿ ಗಣಿತವನ್ನೂ ಬಳಿಕ ಕಾನೂನನ್ನೂ ಓದಿದ ತಿಲಕರು ಸರ್ಕಾರಿ ನೌಕರಿಯತ್ತ ತಿರುಗಿಯೂ ನೋಡಲಿಲ್ಲ. ವಿಷ್ಣುಶಾಸ್ತ್ರಿ ಚಿಪಳೂಣಕರ ಮತ್ತು ಸಹಪಾಠಿ ಗೋಪಾಳ ಗಣೇಶ ಆಗರಕರರೊಡನೆ 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್, ಮರುವರ್ಷ ಮರಾಠಿಯಲ್ಲಿ ಕೇಸರಿ, ಇಂಗ್ಲಿಷಿನಲ್ಲಿ ಮರಾಠಾ ಪತ್ರಿಕೆಗಳು ಆರಂಭವಾದವು. ಕೊಲ್ಹಾಪುರ ಸಂಸ್ಥಾನದ ದಿವಾನರ ಮೇಲೆ ಬರೆದ ಬರಹಗಳಿಗಾಗಿ 1882ರಲ್ಲಿ ತಿಲಕರೂ ಆಗರಕರರೂ ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ ನೂರೊಂದು ದಿನ ಒಟ್ಟಿಗೆ ಇದ್ದು ಬಂದರು.

ಸೆರೆಮನೆಯಲ್ಲಿಯೂ ಜೊತೆಗಿದ್ದ ಈ ಗೆಳೆಯರನ್ನು ಬೇರ್ಪಡಿಸಿದ್ದು ರಾಜಕೀಯವಲ್ಲ, ಸಮಾಜ ಸುಧಾರಣೆಯ ಪ್ರಶ್ನೆ. ಆಗರಕರರು ವಿಚಾರವಾದಿ. ಸಮಾಜ ತಾನಾಗಿ ತಿದ್ದಿಕೊಳ್ಳದಿದ್ದರೆ ಕಾನೂನು ತಿದ್ದಲಿ ಎಂಬುದು ಅವರ ನಿಲುವು. ಸ್ವರಾಜ್ಯ ಮೊದಲು, ಸುಧಾರಣೆ ಆಮೇಲೆ, ಅದೂ ನಮ್ಮವರ ಕೈಯಿಂದಲೇ ಆಗಬೇಕು ಎಂಬುದು ತಿಲಕರದು. 1888ರಲ್ಲಿ ಆಗರಕರರು ಕೇಸರಿಯಿಂದ ಹೊರಬಂದು ಸುಧಾರಕ ಎಂಬ ಪತ್ರಿಕೆ ತೆರೆದರು. ಅಲ್ಲಿಂದಾಚೆಗೆ ಕೇಸರಿ ತಿಲಕರ ದನಿಯಾಯಿತು.

ಆ ದನಿ ಅಂದಿನ ಪ್ರತಿಯೊಂದು ನೈತಿಕ ವಿವಾದದಲ್ಲೂ ಕೇಳಿಬಂತು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿದ್ದ ರಖಮಾಬಾಯಿ ಬೆಳೆದ ಮೇಲೆ ಗಂಡ ದಾದಾಜಿ ಭಿಕಾಜಿಯ ಮನೆಗೆ ಹೋಗಲು ಒಪ್ಪಲಿಲ್ಲ. ದಾವೆ ಮುಂಬಯಿ ಹೈಕೋರ್ಟಿಗೆ ಬಂತು. ಒಲ್ಲದ ಹೆಣ್ಣನ್ನು ಬಲವಂತದಿಂದ ಕಳುಹಿಸಲಾಗದೆಂದು 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ತೀರ್ಪಿತ್ತಾಗ ಕೇಸರಿ ಅದನ್ನು ಹಿಂದೂ ವಿವಾಹದ ಬುಡಕ್ಕೆ ಬಿದ್ದ ಕೊಡಲಿಯಂತೆ ಕಂಡಿತು. 1887ರಲ್ಲಿ ಇನ್ನೊಬ್ಬ ನ್ಯಾಯಮೂರ್ತಿ, ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಸೆರೆಮನೆಗೆ ಎಂದು ಆಜ್ಞಾಪಿಸಿದರು. ರಖಮಾಬಾಯಿ ಸೆರೆಮನೆಯನ್ನೇ ಆರಿಸಿಕೊಳ್ಳಲು ಸಿದ್ಧರಾದರು. ಕೊನೆಗೆ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ, ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆ ನಡೆಸಿದರು. ಪುಣೆಯ ಹೆಣ್ಣುಮಕ್ಕಳ ಹೈಸ್ಕೂಲಿನ ಪಠ್ಯಕ್ರಮವನ್ನೂ ತಿಲಕರು ಆಕ್ಷೇಪಿಸಿದರು. ಗೃಹಕೃತ್ಯಕ್ಕೆ ಒದಗದ ಇಂಗ್ಲಿಷ್ ವಿದ್ಯೆ ಹುಡುಗಿಯರಿಗೇಕೆ ಎಂಬುದು ಅವರ ವಾದ.

ಇಷ್ಟು ಹೇಳಿದ ಮಾತ್ರಕ್ಕೆ ಓದುಗರ ಮುಂದೆ ಮಡಿವಂತ ಪುರೋಹಿತರೊಬ್ಬರ ಚಿತ್ರ ನಿಂತರೆ ಅದು ತಪ್ಪು. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ನಿನ ಕ್ರೈಸ್ತರ ಮನೆಯಲ್ಲಿ ನಡೆದ ಸಭೆಯಲ್ಲಿ ನ್ಯಾಯಮೂರ್ತಿ ರಾನಡೆಯವರಂತೆ ತಿಲಕರೂ ಇದ್ದರು, ಚಹಾ ಕುಡಿದರು. ಕುಡಿದವರ ಹೆಸರುಗಳನ್ನು ಗೋಪಾಳರಾವ ಜೋಶಿ ಎಂಬ ಕಿಡಿಗೇಡಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಾಗ ಊರೆಲ್ಲ ಗದ್ದಲವಾಯಿತು. ವಿಚಾರಣೆ, ಬಹಿಷ್ಕಾರ, ಪ್ರಾಯಶ್ಚಿತ್ತ ಎಲ್ಲವೂ ನಡೆದವು. ತಿಲಕರು ಪ್ರಾಯಶ್ಚಿತ್ತ ಮಾಡಿಕೊಂಡು ವಿವಾದದಿಂದ ಹೊರಬಂದರು. ಒಂದು ಲೋಟ ಚಹಾದಿಂದ ಧರ್ಮ ಕೆಡುತ್ತದೆಂದು ಅವರು ನಂಬಿದ್ದರೆಂದು ನನಗೆ ಅನ್ನಿಸುವುದಿಲ್ಲ. ಜನರನ್ನು ಬಿಟ್ಟು ಮುಂದೆ ಹೋದ ನಾಯಕ ಒಂಟಿಯಾಗುತ್ತಾನೆಂಬ ಲೆಕ್ಕಾಚಾರ ಆ ಗಣಿತಜ್ಞರಿಗೆ ಚೆನ್ನಾಗಿ ತಿಳಿದಿತ್ತು.

ಆ ಲೆಕ್ಕಾಚಾರ ಅತ್ಯಂತ ಕಠಿಣವಾದದ್ದು ಸಮ್ಮತಿ ವಯಸ್ಸಿನ ಮಸೂದೆಯ ಕಾಲದಲ್ಲಿ. ಕಲ್ಕತ್ತೆಯಲ್ಲಿ ಹತ್ತು ದಾಟಿದ್ದ ಫೂಲಮಣಿ ದಾಸಿ ಎಂಬ ಬಾಲೆ ತನಗಿಂತ ಎಷ್ಟೋ ಹಿರಿಯನಾದ ಗಂಡನ ಬಲಾತ್ಕಾರದಿಂದ ಸತ್ತಳು. 1860ರ ದಂಡಸಂಹಿತೆಯ ಪ್ರಕಾರ ಹತ್ತು ವರ್ಷ ಮೀರಿದ ಹೆಂಡತಿಯೊಡನೆ ಗಂಡ ಮಾಡಿದ್ದು ಅತ್ಯಾಚಾರವೆನಿಸುತ್ತಿರಲಿಲ್ಲ. ಆದ್ದರಿಂದ 1890ರಲ್ಲಿ ವಿಚಾರಣೆ ನಡೆದಾಗ ಅವನಿಗೆ ಆದದ್ದು ಒಂದು ವರ್ಷದ ಶಿಕ್ಷೆ ಮಾತ್ರ. ಬೆಹರಾಮಜಿ ಮಲಬಾರಿಯವರು 1884ರಿಂದ ನಡೆಸುತ್ತಿದ್ದ ಚಳವಳಿಗೆ ಈ ಸಾವು ತೀವ್ರತೆ ತಂದಿತು. ಹತ್ತನ್ನು ಹನ್ನೆರಡಕ್ಕೆ ಏರಿಸುವ ಮಸೂದೆಯನ್ನು ಆಂಡ್ರ್ಯೂ ಸ್ಕೋಬಲ್ 1891ರ ಜನವರಿಯಲ್ಲಿ ಮಂಡಿಸಿದರು. ಗಮನಿಸಿ, ಮಸೂದೆ ಮದುವೆಯ ವಯಸ್ಸನ್ನು ಮುಟ್ಟಿಯೇ ಇರಲಿಲ್ಲ. ಹನ್ನೆರಡು ತುಂಬುವವರೆಗೆ ಆ ಮಗುವಿನ ಮೈ ಮುಟ್ಟಬೇಡಿ ಎಂದಷ್ಟೇ ಅದು ಹೇಳುತ್ತಿತ್ತು.

ತಿಲಕರು ಇದನ್ನು ಎಲ್ಲ ಶಕ್ತಿಯಿಂದ ವಿರೋಧಿಸಿದರು. ಪರಕೀಯ ಸರ್ಕಾರಕ್ಕೆ ನಮ್ಮ ಮನೆಯೊಳಗೆ ಕಾಲಿಡುವ ಅಧಿಕಾರವಿಲ್ಲ ಎಂಬುದು ಅವರ ಮುಖ್ಯ ವಾದ. ಆದರೆ ಅದಕ್ಕೂ ಮೊದಲು, 1890ರಲ್ಲಿ, ಅವರು ಸುಧಾರಕರ ಮುಂದೆ ಒಂದು ಪ್ರತಿಸೂಚನೆ ಇಟ್ಟಿದ್ದರು. ಹುಡುಗಿಗೆ ಹದಿನಾರು, ಹುಡುಗನಿಗೆ ಇಪ್ಪತ್ತು ತುಂಬುವ ಮೊದಲು ಮದುವೆ ಮಾಡಬಾರದು. ನಲವತ್ತು ದಾಟಿದ ಗಂಡಸು ಮದುವೆಯಾಗುವುದಾದರೆ ವಿಧವೆಯನ್ನೇ ಆಗಬೇಕು. ವಿಧವೆಯ ತಲೆ ಬೋಳಿಸಬಾರದು, ವರದಕ್ಷಿಣೆ ಕೂಡದು, ಮದ್ಯ ಮುಟ್ಟಬಾರದು, ಆದಾಯದ ಹತ್ತನೆಯ ಒಂದು ಪಾಲು ಸಾರ್ವಜನಿಕ ಕಾರ್ಯಕ್ಕೆ ಕೊಡಬೇಕು. ಇದಕ್ಕೆ ಸಹಿ ಹಾಕಿದವರನ್ನು ಮಾತ್ರ ಕಾನೂನು ಬಂಧಿಸಲಿ, ಉಳಿದವರು ಅವರನ್ನು ನೋಡಿ ಕಲಿಯುತ್ತಾರೆ ಎಂದರು. ಸರ್ಕಾರದ ಹನ್ನೆರಡಕ್ಕೆ ಹೋಲಿಸಿದರೆ ತಿಲಕರ ಹದಿನಾರು ಎಷ್ಟೋ ಮುಂದಿತ್ತು. ಸುಧಾರಕರು ಸಹಿ ಹಾಕಲು ಮುಂದೆ ಬರಲಿಲ್ಲ. ಅವರಲ್ಲಿ ಅನೇಕರ ಮನೆಗಳಲ್ಲೇ ಬಾಲ್ಯವಿವಾಹಗಳು ನಡೆಯುತ್ತಿದ್ದವು. ತಿಲಕರು ಅದನ್ನು ಎತ್ತಿ ತೋರಿಸದೆ ಬಿಡಲಿಲ್ಲ.

ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಈ ವಾದದ ತೂಕ ಗೊತ್ತು. ಸಮಾಜ ಒಪ್ಪದ ಕಾನೂನು ಕಡತದಲ್ಲಿ ಉಳಿಯುತ್ತದೆ. 1891ರ ಮಾರ್ಚ್ 19ರಂದು ಜಾರಿಗೆ ಬಂದ ಆ ಕಾಯ್ದೆಯಡಿ ನಡೆದ ಮೊಕದ್ದಮೆಗಳು ಬಹಳ ಕಡಿಮೆ. ನಾನು ಬರೆಸಿಕೊಂಡ ಮುಚ್ಚಳಿಕೆ ಮೂರು ವಾರವೂ ಬಾಳಲಿಲ್ಲವೆಂಬುದನ್ನು ಮೇಲೆಯೇ ಹೇಳಿದ್ದೇನೆ. ಆದರೂ ತಿಲಕರ ನಿಲುವಿನಲ್ಲಿ ನನಗೆ ಎರಡು ತೊಡಕುಗಳು ಕಾಣುತ್ತವೆ.

ಪ್ರಶ್ನೆ ಅಧಿಕಾರದ್ದೇ ಆಗಿದ್ದರೆ ಶಾಸ್ತ್ರಾರ್ಥದ ಕದನಕ್ಕೆ ಇಳಿಯುವ ಅಗತ್ಯ ಅವರಿಗೆ ಇರಲಿಲ್ಲ. ಗರ್ಭಾಧಾನ ಸಂಸ್ಕಾರವನ್ನು ಮುಂದೂಡಲು ಶಾಸ್ತ್ರದಲ್ಲಿ ಆಸ್ಪದವಿದೆಯೆಂದು ರಾಮಕೃಷ್ಣ ಗೋಪಾಳ ಭಾಂಡಾರಕರರು ಸಾಧಿಸಿದಾಗ, ತಿಲಕರು ತಮ್ಮ ಸಂಸ್ಕೃತ ಪಾಂಡಿತ್ಯವನ್ನೆಲ್ಲ ವಿನಿಯೋಗಿಸಿ ಅದನ್ನು ಖಂಡಿಸಿದರು. ಅಂದರೆ ವಿದೇಶಿ ಸರ್ಕಾರ ಬೇಡ ಎಂಬಲ್ಲಿಗೆ ಅವರ ವಾದ ನಿಲ್ಲಲಿಲ್ಲ.

ಎರಡನೆಯ ತೊಡಕು ಐದು ವರ್ಷಗಳ ಅನಂತರದ್ದು, ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಹೆಚ್ಚು ಆಸಕ್ತಿಯದ್ದು. 1896ರಲ್ಲಿ ದಖ್ಖನ್ನಿನಲ್ಲಿ ಭೀಕರ ಬರ ಬಂತು. ಕ್ಷಾಮ ಸಂಹಿತೆ ಎಂಬ ಸರ್ಕಾರದ ನಿಯಮಾವಳಿಯ ಪ್ರಕಾರ ಬೆಳೆ ಹೋದಲ್ಲಿ ಕಂದಾಯಕ್ಕೆ ರಿಯಾಯಿತಿ ಕೊಡಬೇಕು, ಕಾಮಗಾರಿ ತೆರೆಯಬೇಕು. ತಿಲಕರು ಆ ಸಂಹಿತೆಯನ್ನು ಮರಾಠಿಯಲ್ಲಿ ಜನರಿಗೆ ತಿಳಿಯಹೇಳಿದರು, ಸಾರ್ವಜನಿಕ ಸಭಾದ ಕಾರ್ಯಕರ್ತರನ್ನು ಹಳ್ಳಿಹಳ್ಳಿಗೆ ಕಳುಹಿಸಿದರು. ಕಾಯ್ದೆ ನಿಮ್ಮ ಪರವಾಗಿದೆ, ಹೆದರಬೇಡಿ, ಎತ್ತು ಮಾರಿ ಕಂದಾಯ ಕಟ್ಟಬೇಡಿ ಎಂಬುದು ಅವರ ಸಂದೇಶ. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇದಕ್ಕಿಂತ ದೊಡ್ಡ ಜನೋಪಕಾರ ಆ ಕಾಲದಲ್ಲಿ ಬೇರೆ ಇರಲಿಲ್ಲ. ಆದರೆ ಆ ಸಂಹಿತೆಯೂ ಪರಕೀಯ ಸರ್ಕಾರವೇ ಬರೆದದ್ದು! ಹಸಿದ ರೈತನಿಗೆ ವಿದೇಶಿ ಕಾಯ್ದೆ ಗುರಾಣಿಯಾಗಬಹುದಾದರೆ ಹನ್ನೊಂದರ ಬಾಲೆಗೆ ಏಕೆ ಆಗಬಾರದು? ಈ ಪ್ರಶ್ನೆಗೆ ಉತ್ತರ ನಾನು ಓದಿದ ಸಂಪುಟಗಳಲ್ಲಿ ಸಿಗಲಿಲ್ಲ.

ಉಳಿದ ಕಥೆ ಎಲ್ಲರಿಗೂ ಗೊತ್ತಿರುವುದೇ. 1893ರಲ್ಲಿ ಸಾರ್ವಜನಿಕ ಗಣೇಶೋತ್ಸವ, ಅನಂತರ ಶಿವಾಜಿ ಉತ್ಸವ. 1895ರ ಪುಣೆ ಕಾಂಗ್ರೆಸ್ ಅಧಿವೇಶನದ ಹಂದರದಲ್ಲಿ ಸಾಮಾಜಿಕ ಪರಿಷತ್ತು ನಡೆಯದಂತೆ ತಿಲಕರ ಪಕ್ಷ ಒತ್ತಾಯಿಸಿತು, ರಾನಡೆಯವರು ಜಗಳ ಬೇಡವೆಂದು ಬೇರೆಡೆ ನಡೆಸಿದರು. ಪ್ಲೇಗಿನ ವರ್ಷ ತಿಲಕರು ಊರು ಬಿಡದೆ ರೋಗಿಗಳಿಗಾಗಿ ಆಸ್ಪತ್ರೆ ನಡೆಸಿದರು. ಪ್ಲೇಗ್ ಅಧಿಕಾರಿ ರ‍್ಯಾಂಡರ ಕೊಲೆಯ ಬಳಿಕ 1897ರಲ್ಲಿ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಆಗ ಅವರ ಜಾಮೀನಿಗಾಗಿ ವಾದಿಸಿದ್ದ ವಕೀಲ ದಾವರರೇ 1908ರಲ್ಲಿ ನ್ಯಾಯಮೂರ್ತಿಯಾಗಿ ಕುಳಿತು ಅವರಿಗೆ ಆರು ವರ್ಷಗಳ ಗಡೀಪಾರು ವಿಧಿಸಿದರು. ಇವೆರಡರ ನಡುವೆ ನಮ್ಮ ನೆರೆಯ ಕೊಲ್ಹಾಪುರದಲ್ಲಿ ವೇದೋಕ್ತ ಪ್ರಕರಣ ಸಿಡಿಯಿತು. ಅರಮನೆಯ ಪುರೋಹಿತರು ಶಾಹೂ ಮಹಾರಾಜರಿಗೆ ವೇದಮಂತ್ರಗಳಿಂದಲ್ಲ, ಪುರಾಣೋಕ್ತ ವಿಧಿಯಿಂದ ಮಾತ್ರ ಕರ್ಮ ಮಾಡಿಸುತ್ತೇವೆಂದರು. ಸಂಕೇಶ್ವರ-ಕರವೀರ ಶಂಕರಾಚಾರ್ಯ ಪೀಠವೂ ಆ ಜಗಳಕ್ಕೆ ಸಿಕ್ಕಿಬಿತ್ತು. ತಿಲಕರು 1901ರಲ್ಲಿ ಪುರೋಹಿತರ ಕಡೆಗೆ ನಿಂತು ಬರೆದರು. ಮರುವರ್ಷ ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಇಲ್ಲಿ ವಿದೇಶಿ ಸರ್ಕಾರದ ಮಾತೇ ಇರಲಿಲ್ಲ, ದೊರೆ ನಮ್ಮವನೇ.

ಬರ್ಮಾದ ಮಂಡಾಲೆಯ ಸೆರೆಮನೆಯಲ್ಲಿ ಅವರು ಗೀತಾರಹಸ್ಯವನ್ನು ಬರೆದರು. 1912ರಲ್ಲಿ ಸತ್ಯಭಾಮಾಬಾಯಿ ತೀರಿಕೊಂಡ ಸುದ್ದಿ ಅಲ್ಲಿಗೆ ತಂತಿಯ ಮೂಲಕ ತಲುಪಿತು. ಸಂನ್ಯಾಸವಲ್ಲ, ಕರ್ಮವೇ ಗೀತೆಯ ತಾತ್ಪರ್ಯವೆಂದು ಸಾರುವ ಆ ಗ್ರಂಥವನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು. ಕರ್ನಾಟಕತ್ವದ ಪ್ರವರ್ತಕರೇ ಈ ಕೆಲಸ ಮಾಡಿದ್ದು ಗಡಿಜಗಳವನ್ನಷ್ಟೇ ಬಲ್ಲ ಇಂದಿನ ತರುಣರಿಗೆ ವಿಚಿತ್ರವೆನಿಸೀತು.

1914ರಲ್ಲಿ ಬಿಡುಗಡೆಯಾದ ತಿಲಕರ ರಾಜಕೀಯ ಪುನರ್ಜನ್ಮ ನಮ್ಮೂರಿನಲ್ಲೇ ಆಯಿತು. 1916ರ ಏಪ್ರಿಲ್ ಕೊನೆಯ ವಾರದಲ್ಲಿ ಬೆಳಗಾವಿಯಲ್ಲಿ ಮುಂಬಯಿ ಪ್ರಾಂತೀಯ ಪರಿಷತ್ತು ಸೇರಿತು. ಗಂಗಾಧರರಾವ ದೇಶಪಾಂಡೆಯವರು ಅದರ ಬೆನ್ನೆಲುಬು. ಗಾಂಧೀಜಿಯೂ ಬಂದಿದ್ದರು. 1907ರಲ್ಲಿ ಸೂರತ್ತಿನಲ್ಲಿ ಒಡೆದಿದ್ದ ಕಾಂಗ್ರೆಸ್ಸಿಗೆ ತಿಲಕರ ಪಕ್ಷ ಮರಳುವ ತೀರ್ಮಾನ ಇಲ್ಲಿ ಆಯಿತು. ಏಪ್ರಿಲ್ 28ರಂದು ಹೋಮ್ ರೂಲ್ ಲೀಗ್ ಇಲ್ಲೇ ಸ್ಥಾಪನೆಯಾಯಿತು. ಅದರ ಅಧ್ಯಕ್ಷತೆ ವಹಿಸಿದವರು ಕ್ರೈಸ್ತರಾದ ಜೋಸೆಫ್ ಬ್ಯಾಪ್ಟಿಸ್ಟಾ. ಆ್ಯನಿ ಬೆಸೆಂಟರ ಲೀಗ್ ಹುಟ್ಟಿದ್ದು ಇದಾದ ಐದು ತಿಂಗಳ ಮೇಲೆ. ಅದೇ ವರ್ಷದ ಕೊನೆಯಲ್ಲಿ ಲಖನೌದಲ್ಲಿ ಮುಸ್ಲಿಂ ಲೀಗಿನೊಡನೆ ಆದ ಒಪ್ಪಂದಕ್ಕೆ ತಿಲಕರು ಬೆಂಬಲ ನೀಡಿದರು. 1917ರಲ್ಲಿ ಕಾಂಗ್ರೆಸ್ಸಿನಲ್ಲಿ ಭಾಷಾವಾರು ಪ್ರಾಂತಗಳ ಬೇಡಿಕೆ ಬಂದಾಗಲೂ ಅದರ ಪರ ನಿಂತರು. ಸಂಪ್ರದಾಯವಾದಿಯ ರಾಜಕೀಯ ಬುದ್ಧಿ ಎಷ್ಟು ವಿಶಾಲವಾಗಿತ್ತು ಎಂಬುದಕ್ಕೆ ಇಷ್ಟು ಸಾಕು.

ಆದರೆ ಅದೇ ಹೋಮ್ ರೂಲ್ ಪ್ರಚಾರದ ದಿನಗಳಲ್ಲಿ, ಇದೇ ಜಿಲ್ಲೆಯ ಅಥಣಿಯಲ್ಲಿ ಮಾತನಾಡುತ್ತ, ಒಕ್ಕಲಿಗರು, ಗಾಣಿಗರು ಮೊದಲಾದವರು ಶಾಸನಸಭೆಗೆ ಹೋಗಿ ಮಾಡುವುದೇನು ಎಂದು ಅವರು ಕುಹಕವಾಡಿದರು. ಆ ಮಾತು ಬ್ರಾಹ್ಮಣೇತರ ಚಳವಳಿಯ ಎದೆಯಲ್ಲಿ ದಶಕಗಳ ಕಾಲ ಮುಳ್ಳಾಗಿ ಉಳಿಯಿತು. 1891ರಲ್ಲಿ ಅವರು ಹೇಳಿದ್ದು, ಸುಧಾರಣೆಯನ್ನು ನಾವೇ ಮಾಡಿಕೊಳ್ಳುತ್ತೇವೆ ಎಂದು. ಅಥಣಿಯಲ್ಲಿ ಅವರು ಆಡಿದ್ದನ್ನು ಓದಿದ ಮೇಲೆ ಆ ನಾವು ಎಂಬುದರೊಳಗೆ ಯಾರಿದ್ದರು, ಯಾರಿರಲಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು. ಗಾಣಿಗರಿರಲಿಲ್ಲ. ರಖಮಾಬಾಯಿಯಂಥವರೂ ಇರಲಿಲ್ಲ. ನನ್ನ ತಾಲ್ಲೂಕಿನ ಆ ಅಜ್ಜನ ಮಾತಿನಲ್ಲೂ ಮೊಮ್ಮಗಳು ಆ ನಾವುವಿನ ಹೊರಗೇ ಉಳಿದಿದ್ದಳು.

ತಿಲಕರು ಬದಲಾಗಲಿಲ್ಲವೆಂದೂ ಹೇಳಲಾಗದು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1918ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯತಾ ನಿವಾರಣಾ ಪರಿಷತ್ತು ಕರೆದಾಗ ತಿಲಕರು ಹೋದರು. ಅಸ್ಪೃಶ್ಯತೆಯನ್ನು ಸಹಿಸುವ ದೇವರನ್ನು ತಾವು ದೇವರೆಂದೇ ಒಪ್ಪುವುದಿಲ್ಲವೆಂದು ಸಾರಿದರು. ಸಭೆ ಹರ್ಷೋದ್ಗಾರ ಮಾಡಿತು. ಅಸ್ಪೃಶ್ಯತೆಯನ್ನು ತಮ್ಮ ಬದುಕಿನಲ್ಲಿ ಪಾಲಿಸುವುದಿಲ್ಲವೆಂಬ ಪ್ರತಿಜ್ಞಾಪತ್ರ ಮುಂದೆ ಬಂದಾಗ ಅವರು ಸಹಿ ಹಾಕಲಿಲ್ಲ. 1890ರಲ್ಲಿ ಸುಧಾರಕರಿಂದ ಸಹಿ ಬೇಡಿದ್ದವರೂ ಅವರೇ. 1920ರಲ್ಲಿ ಪುಣೆ ನಗರಸಭೆಯ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಪ್ರಶ್ನೆ ಬಂದಾಗ, ಹಣ ಸಾಲದಿದ್ದರೆ ಮೊದಲು ಹುಡುಗರಿಗೆ, ಆಮೇಲೆ ಹುಡುಗಿಯರಿಗೆ ಎಂದರು. ಬೊಕ್ಕಸದ ಮಿತಿಯ ವಾದವನ್ನು ನಾನೂ ನೂರಾರು ಕಡತಗಳಲ್ಲಿ ಬರೆದಿದ್ದೇನೆ. ಸರದಿಯಲ್ಲಿ ಹಿಂದೆ ನಿಲ್ಲುವವರು ಪ್ರತಿ ಸಲವೂ ಅವರೇ ಆಗಿರುವುದನ್ನು ಕಡತ ಹೇಳುವುದಿಲ್ಲ. ಸಭೆಯಲ್ಲಿ ತಿಲಕರ ವಿರುದ್ಧ ಭಾರಿ ಗದ್ದಲವಾಯಿತು. ಅದೇ ವರ್ಷದ ಆಗಸ್ಟ್ 1ರಂದು ಮುಂಬಯಿಯ ಸರದಾರಗೃಹದಲ್ಲಿ ಅವರು ಕೊನೆಯುಸಿರೆಳೆದರು. ಚೌಪಾಟಿಯ ಮರಳಿನ ಮೇಲೆ ನಡೆದ ಅಂತ್ಯಸಂಸ್ಕಾರಕ್ಕೆ ಲಕ್ಷಾಂತರ ಜನ ಸೇರಿದರು.

ಅವರು ಎದುರಿಸಿದ ಆ ಸಣ್ಣ ಕಾಯ್ದೆಯ ಹಾದಿ ಮಾತ್ರ ಉದ್ದವಾಯಿತು. ದಂಡಸಂಹಿತೆಯಲ್ಲಿ ಹೆಂಡತಿಗೆ ರಕ್ಷಣೆಯ ವಯಸ್ಸು 1891ರಲ್ಲಿ ಹನ್ನೆರಡು, 1925ರಲ್ಲಿ ಹದಿಮೂರು, ಸ್ವತಂತ್ರ ಭಾರತದಲ್ಲಿ 1949ರಲ್ಲಿ ಹದಿನೈದು ಆಯಿತು. ಹದಿನೈದರಿಂದ ಹದಿನೆಂಟಕ್ಕೆ ಏರಲು 2017ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು. ಆ ಅರವತ್ತೆಂಟು ವರ್ಷ ಆಳಿದ್ದು ನಮ್ಮದೇ ಸರ್ಕಾರ, ಪರಕೀಯರಲ್ಲ. ಹೆಣ್ಣಿನ ಮದುವೆಯ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, 2024ರಲ್ಲಿ ಸದನ ವಿಸರ್ಜನೆಯಾದಾಗ ಬಿದ್ದುಹೋಯಿತು. ಆಗ ನಮ್ಮ ಬಡಾವಣೆಯ ಉದ್ಯಾನದ ಕಲ್ಲುಬೆಂಚಿನ ಮೇಲೆ ನಡೆದ ಚರ್ಚೆಯಲ್ಲಿ ನಿವೃತ್ತರೆಲ್ಲರೂ ತಿಲಕರ ವಾದವನ್ನೇ ಅವರ ಹೆಸರು ಗೊತ್ತಿಲ್ಲದೆ ಹೇಳುತ್ತಿದ್ದರು. ಬೆಂಚಿನ ಮೇಲೆ ಹೆಂಗಸರು ಯಾರೂ ಇರಲಿಲ್ಲ.

ತಿಲಕರ ಕಿರಿಯ ಮಗ ಶ್ರೀಧರಪಂತರು ಅಂಬೇಡ್ಕರರ ಸ್ನೇಹಿತರಾದರು. 1928ರ ಏಪ್ರಿಲಿನಲ್ಲಿ, ತಂದೆ ಬಾಳಿದ ಗಾಯಕವಾಡ ವಾಡೆಯಲ್ಲೇ ಸಮತಾ ಸಂಘದ ಶಾಖೆ ತೆರೆದು ಅಸ್ಪೃಶ್ಯರೊಡನೆ ಸಹಭೋಜನ ನಡೆಸಿದರು. ಮನೆಯ ಆಸ್ತಿ, ಪತ್ರಿಕೆಯ ವ್ಯಾಜ್ಯಗಳಿಂದ ಜರ್ಜರಿತರಾಗಿದ್ದ ಅವರು ಮರುತಿಂಗಳು, ಅಂಬೇಡ್ಕರರಿಗೆ ಒಂದು ಪತ್ರ ಬರೆದಿಟ್ಟು, ರೈಲಿಗೆ ತಲೆಕೊಟ್ಟರು.

2009ರ ಆ ಮುಚ್ಚಳಿಕೆಯ ನಮೂನೆ ನನಗೆ ಈಗಲೂ ನೆನಪಿದೆ. ತಂದೆಯ ಸಹಿ, ಅಜ್ಜನ ಹೆಬ್ಬೆಟ್ಟು, ಇಬ್ಬರು ಪಂಚರ ಸಹಿ, ಕೆಳಗೆ ನನ್ನ ಸಹಿ ಮತ್ತು ಮೊಹರು. ಹುಡುಗಿಯ ಹೆಸರು ಒಕ್ಕಣೆಯಲ್ಲಿ ಒಮ್ಮೆ ಬಂದಿತ್ತು. ಅವಳು ಏನಾದರೂ ಹೇಳುವುದಿದೆಯೇ ಎಂದು ಬರೆದುಕೊಳ್ಳಲು ಅದರಲ್ಲಿ ಜಾಗವಿರಲಿಲ್ಲ. ಒಳಮನೆಯ ಬಾಗಿಲಲ್ಲಿ ನಿಂತಿದ್ದ ಅವಳನ್ನು ನಾನೂ ಕೇಳಲಿಲ್ಲ.